ಆ ಲೋಕದ ಉತಾರ ಯಾರ ಹೆಸರಿಗಿದೆ?

ಬನದ ಹುಣ್ಣಿಮೆಯ ತೇರು ಎಳೆದು ವಾರ ಕಳೆದಿತ್ತು. ಬನಶಂಕರಿ ಜಾತ್ರೆಗೆ ಹೋಗಬೇಕಾದದ್ದು ಆಗಲೇ ಅನ್ನುವುದು ನನ್ನ ಲೆಕ್ಕ. ನೂಕುನುಗ್ಗಲು ಇಳಿದಿರುತ್ತದೆ, ನಾಟಕ ಕಂಪನಿಗಳು ಮಾತ್ರ ಇನ್ನೂ ಠಿಕಾಣಿ ಕಿತ್ತಿರುವುದಿಲ್ಲ. ಈ ಜಾತ್ರೆಯಲ್ಲಿ ಕಟ್ಟಿಗೆಯ ಬಾಗಿಲು-ಚೌಕಟ್ಟು ಮಾರುವವರದೇ ಒಂದು ಸಾಲು ಇದೆ. ನೋಡದವರಿಗೆ ಹೇಳುವುದಾದರೆ, ಗೋಡೆ ಇಲ್ಲ, ಮನೆ ಇಲ್ಲ, ಬರೀ ಬಾಗಿಲುಗಳು ಬಯಲಿನಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಆ ಸಾಲು ದಾಟಿದ ಮೇಲೆ ಒಂದು ತಾಡಪತ್ರಿಯ ಕೆಳಗೆ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಡಬ್ಬಿ ಕಟ್ಟಿ ಇಲ್ಲದ ಲೋಕ ತೋರಿಸುವುದು) ಅಂಗಡಿ ಹಾಕಿದ್ದರು. ಐದು ನಿಮಿಷಕ್ಕೆ ನೂರು ರೂಪಾಯಿ.

ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕಣ್ಣಿಗೆ ಕರಿ ಡಬ್ಬಿ ಕಟ್ಟಿಕೊಂಡು ಅಲುಗಾಡುವ ಕುರ್ಚಿಯ ಮೇಲೆ ಕುಳಿತು ಚೀರುತ್ತಿದ್ದ. ರೊಟ್ಟಿ ಬುಟ್ಟಿ ಹೊತ್ತು ಹೊರಟಿದ್ದ ಮುದುಕಿ ನಿಂತುಬಿಟ್ಟಳು.

"ಅವಂಗೇನಾಗೇತೋ ತಮ್ಮಾ, ಮೈಮ್ಯಾಲ ದೇವರ ಬಂದೈತೇನು?"

"ಇಲ್ಲಬೇ ಯವ್ವಾ. ಅಂವಾ ಈಗ ಇಲ್ಲಿಲ್ಲ, ಬ್ಯಾರೆ ಕಡೆ ಹೋಗ್ಯಾನ."

ಮುದುಕಿ ಕುರ್ಚಿಯ ಕೆಳಗೆ ನೋಡಿದಳು. "ಚಪ್ಲಿ ಇಲ್ಲೇ ಬಿಟ್ಟ ಹೋಗ್ಯಾನಲ್ಲೋ."

ಅಂಗಡಿಯವನು ನಕ್ಕ, ನಾನೂ ನಕ್ಕೆ. ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಕುಳಿತ ಮೇಲೆ, ವರ್ಚುವಲ್ ರಿಯಾಲಿಟಿಯ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಈ ಚಪ್ಪಲಿಯನ್ನು ನೋಡಿಯೇ ಇಲ್ಲವಲ್ಲ ಅನ್ನಿಸಿತು. ಹುಡುಗ ಎಲ್ಲಿಗೆ ಹೋದ ಎಂಬುದರ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಏನನ್ನು ಬಿಟ್ಟು ಹೋದ, ಹೋದ ಜಾಗ ಯಾರದು ಎಂದು ಕೇಳುವುದು ಕಡಿಮೆ.

ವಿಆರ್ ಮಾತು ಬಂದಾಗಲೆಲ್ಲ ಒಂದು ಕಾದಂಬರಿಯ ಹೆಸರು ಬಂದೇ ಬರುತ್ತದೆ: ಅಮೆರಿಕದ ಅರ್ನೆಸ್ಟ್ ಕ್ಲೈನ್ 2011ರಲ್ಲಿ ಬರೆದ 'ರೆಡಿ ಪ್ಲೇಯರ್ ಒನ್'. 2018ರಲ್ಲಿ ಸ್ಪೀಲ್‌ಬರ್ಗ್ ಇದನ್ನು ಸಿನಿಮಾ ಮಾಡಿದ ಮೇಲೆ ಓದದವರಿಗೂ ಕಥೆ ಗೊತ್ತಾಯಿತು. 2040ರ ದಶಕ. ಇಂಧನ ಬತ್ತಿದೆ, ಕೆಲಸವಿಲ್ಲ, ಹವಾಮಾನ ಕೆಟ್ಟಿದೆ. ಜನರೆಲ್ಲ ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡು 'ಓಯಸಿಸ್' ಎಂಬ ಕಂಪ್ಯೂಟರ್ ಲೋಕದಲ್ಲಿ ದಿನ ಕಳೆಯುತ್ತಾರೆ. ಅದನ್ನು ಕಟ್ಟಿದ ಹ್ಯಾಲಿಡೇ ಎಂಬ ಶ್ರೀಮಂತ ಸಾಯುವ ಮುನ್ನ ಅದರೊಳಗೆ ಮೂರು ಬೀಗದಕೈ ಬಚ್ಚಿಟ್ಟು, ಹುಡುಕಿದವನಿಗೆ ಆಸ್ತಿಯೆಲ್ಲ ಎಂದು ಬರೆದಿಟ್ಟು ಹೋಗಿದ್ದಾನೆ. ವೇಡ್ ಎಂಬ ಬಡ ಹುಡುಗ ಹುಡುಕಲು ಹೊರಡುತ್ತಾನೆ.

ಸಿನಿಮಾ ನೋಡಿದವರಿಗೆ ನೆನಪಿರುವುದು ಕಾರ್ ರೇಸು, ಯುದ್ಧ, ದೈತ್ಯ ರೋಬೋಟು. ಪುಸ್ತಕ ಓದಿದ ನನಗೆ ಇಂದಿಗೂ ಕಣ್ಣಿಗೆ ಕಟ್ಟುವುದು ಹುಡುಗನ ಮನೆ. ಓಕ್ಲಹೋಮಾ ಸಿಟಿಯ ಅಂಚಿನಲ್ಲಿ, ಗಾಲಿಯ ಮೇಲಿನ ತಗಡಿನ ಮನೆಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಪೇರಿಸಿದ್ದಾರೆ. ಅಂಥ ಒಂದು ಪೆಟ್ಟಿಗೆಯಲ್ಲಿ ಹದಿನೈದು ಜನ. ಹುಡುಗ ಮಲಗುವುದು ಬಟ್ಟೆ ಒಗೆಯುವ ಕೋಣೆಯ ಸಂದಿಯಲ್ಲಿ. ತಾಯಿ ಸತ್ತಿದ್ದಾಳೆ, ಚಿಕ್ಕಮ್ಮ ಸಾಕುತ್ತಿರುವುದು ಅವನ ಪಾಲಿನ ರೇಷನ್ ಚೀಟಿಯ ಆಸೆಗೆ. ಓಯಸಿಸ್‌ಗೆ ಹೋಗಲು ಅವನು ಗುಜರಿ ಗಾಡಿಗಳ ರಾಶಿಯಲ್ಲಿ ಹೂತುಹೋದ ಹಳೇ ವ್ಯಾನೊಂದನ್ನು ಕಂಡುಕೊಂಡಿದ್ದಾನೆ. ಅದರೊಳಗೆ ತೂರಿಕೊಂಡು ಕನ್ನಡಕ ಹಾಕಿಕೊಳ್ಳುತ್ತಾನೆ. ಕನ್ನಡಕದ ವರ್ಣನೆಗಿಂತ ಆ ವ್ಯಾನಿನ ವರ್ಣನೆಯನ್ನು ಲೇಖಕ ಜೀವ ತುಂಬಿ ಬರೆದಿದ್ದಾನೆ.

ಇನ್ನೊಂದು ಸಂಗತಿಯಿದೆ. ಕಾದಂಬರಿಯನ್ನು ಹೊಗಳುವವರೂ ಬೈಯುವವರೂ ಸಾಮಾನ್ಯವಾಗಿ ಅದನ್ನು ಹಾರಿಸಿಬಿಡುತ್ತಾರೆ. ಓಯಸಿಸ್‌ಗೆ ಪ್ರವೇಶ ಶುಲ್ಕ ಒಮ್ಮೆ ಕೊಟ್ಟರೆ ಸಾಕು, ಬರೀ 25 ಸೆಂಟ್, ಅಂದರೆ ನಾಲ್ಕಾಣೆ ಅನ್ನಿ. ಒಳಗೆ ಸಾವಿರಾರು ಗ್ರಹ. ಆದರೆ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ದುಡ್ಡು ಬೇಕು. ವೇಡ್‌ನ ಬಳಿ ದುಡ್ಡಿಲ್ಲ. ಹಾಗಾಗಿ ಅವನು ಸರ್ಕಾರಿ ಶಾಲೆಯಿರುವ ಗ್ರಹ ಬಿಟ್ಟು ಕದಲಲಾರ. ಗೆಳೆಯರು ಯಾವುದೋ ನಕ್ಷತ್ರದಲ್ಲಿ ಡ್ರ್ಯಾಗನ್ ಕೊಲ್ಲುತ್ತಿದ್ದರೆ ಇವನು ಶಾಲೆಯ ಕಾರಿಡಾರಿನಲ್ಲಿ ಅಡ್ಡಾಡುತ್ತಾನೆ. ಬೆಳಕಿನಲ್ಲಿ ಕಟ್ಟಿದ ಊರಿನಲ್ಲೂ ಬಡವನ ಮಗನಿಗೆ ಬಸ್ ಚಾರ್ಜಿಲ್ಲ! ಮುಧೋಳದ ಹುಡುಗ ಸೀಟು ಸಿಕ್ಕರೂ ಹಾಸ್ಟೆಲ್ ಫೀ ಇಲ್ಲದೆ ಧಾರವಾಡಕ್ಕೆ ಹೋಗಲಾರದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಜಗಳ. ಐಒಐ ಎಂಬ ಕಂಪನಿಗೆ ಓಯಸಿಸ್ ಬೇಕು. ಕೈಗೆ ಬಂದರೆ ತಿಂಗಳ ಬಾಡಿಗೆ ಹಾಕುತ್ತದೆ, ಕಣ್ಣು ಹಾಯಿಸಿದಲ್ಲೆಲ್ಲ ಜಾಹೀರಾತು ಅಂಟಿಸುತ್ತದೆ. ಬೀಗದಕೈ ಹುಡುಕುವ ಸಾಹಸವೆಂದು ಕಾಣುವ ಇಡೀ ಕಥೆ ಬುಡದಲ್ಲಿ ಒಂದು ಖಾತೆ ಬದಲಾವಣೆಯ ವ್ಯಾಜ್ಯ. ಲೋಕದ ಉತಾರ, ಅಂದರೆ ಒಡೆತನದ ದಾಖಲೆ, ಯಾರ ಹೆಸರಿಗೆ ಇಳಿಯಬೇಕು ಎನ್ನುವುದೊಂದೇ ಪ್ರಶ್ನೆ.

ಆ ಕಂಪನಿಗೆ ಇನ್ನೊಂದು ದಂಧೆಯೂ ಇದೆ. ಸಾಲ ತೀರಿಸದವರನ್ನು ಹಿಡಿದು ತಂದು ದುಡಿಸಿಕೊಳ್ಳುತ್ತದೆ. ಕಿವಿಗೆ ಬಿಲ್ಲೆ, ಕಾಲಿಗೆ ಪಟ್ಟಿ, ಮಲಗಲು ಶವದ ಪೆಟ್ಟಿಗೆಯಂಥ ಗೂಡು. ಊಟ, ಬಟ್ಟೆ, ಗೂಡಿನ ಬಾಡಿಗೆ ಎಲ್ಲ ಸಾಲದ ಖಾತೆಗೇ ಸೇರುವುದರಿಂದ ಸಾಲ ಕರಗುವುದಿಲ್ಲ. ಅಮೆರಿಕದ ವಿಮರ್ಶಕರು ಇದನ್ನು ಕರಾಳ ಭವಿಷ್ಯದ ಕಲ್ಪನೆ ಎಂದು ಬರೆದರೆ ಬರೆಯಲಿ, ಇದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಒಂದು ಪದವಿದೆ: ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿದೆ. ಆದರೆ ಮುಂಗಡ ಹಿಡಿದು ಕಬ್ಬು ಕಡಿಯಲು ಬರುವ ಗ್ಯಾಂಗುಗಳನ್ನು ಜಮಖಂಡಿ, ಬೀಳಗಿ ಕಡೆ ಈ ಹಂಗಾಮಿನಲ್ಲೂ ನೋಡಬಹುದು. ಬಾಕಿ ಉಳಿದ ಮುಂಗಡ ಮುಂದಿನ ವರ್ಷದ ಕೊರಳಿಗೆ ಬೀಳುತ್ತದೆ.

ಜನ ಕೂಡಿ ಬದುಕುವ ಇಂಥ ಕಂಪ್ಯೂಟರ್ ಲೋಕಕ್ಕೆ 'ಮೆಟಾವರ್ಸ್' ಎಂಬ ಪದ ಹುಟ್ಟಿದ್ದೂ ಕಾದಂಬರಿಯಲ್ಲೇ, 1992ರ 'ಸ್ನೋ ಕ್ರ್ಯಾಶ್'ನಲ್ಲಿ. ಬರೆದವನು ನೀಲ್ ಸ್ಟೀಫನ್‌ಸನ್. ಅಲ್ಲಿಯ ನಾಯಕ ವಾಸಿಸುವುದು ಸಾಮಾನು ಇಡಲು ಬಾಡಿಗೆಗೆ ಕೊಡುವ ಗೋದಾಮಿನ ಕೋಣೆಯಲ್ಲಿ. ಸಾರ್ವಜನಿಕ ಬೂತಿನಿಂದ ಅಗ್ಗದಲ್ಲಿ ಒಳಗೆ ಬಂದವರು ಆ ಲೋಕದಲ್ಲಿ ಕಪ್ಪು-ಬಿಳುಪಾಗಿ, ಚುಕ್ಕೆಚುಕ್ಕೆಯಾಗಿ ಕಾಣುತ್ತಾರೆ, ಉಳ್ಳವರು ಮೂಗು ಮುರಿಯುತ್ತಾರೆ. ಎರಡು ಕಾದಂಬರಿಗಳ ನಡುವೆ ಹತ್ತೊಂಬತ್ತು ವರ್ಷ. ಎರಡರಲ್ಲೂ ಹುಡುಗರು ಬದುಕುವುದು ಡಬ್ಬಿಯಲ್ಲಿ, ಎರಡರಲ್ಲೂ ಒಳಗಿನ ಲೋಕ ಹೊರಗಿನ ಜಾತಿ-ಅಂತಸ್ತನ್ನು ಹೊತ್ತುಕೊಂಡೇ ಬಂದಿದೆ.

ಕಂಪನಿಗಳು ಈ ಪುಸ್ತಕಗಳನ್ನು ಓದಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ಓದಿದವು. ಕನ್ನಡಕ ತಯಾರಿಸುವ ಆಕ್ಯುಲಸ್ ಕಂಪನಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆ 'ರೆಡಿ ಪ್ಲೇಯರ್ ಒನ್' ಪ್ರತಿ ಕೊಡುವ ರೂಢಿಯಿತ್ತು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 2 ಬಿಲಿಯನ್ ಡಾಲರಿಗೆ ಕೊಂಡಿತು. 2021ರ ಅಕ್ಟೋಬರ್‌ನಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಎಚ್ಚರಿಕೆಯೆಂದು ಬರೆದದ್ದನ್ನು ನೀಲನಕ್ಷೆಯೆಂದು ಓದಿದರು ಅಂತ ಹಲವರು ಗೇಲಿ ಮಾಡಿದ್ದಾರೆ. ಕ್ಲೈನ್‌ಗೇ ತನ್ನ ಓಯಸಿಸ್ ಮೇಲೆ ಪ್ರೀತಿ ಜಾಸ್ತಿ, ಆದ್ದರಿಂದ ತಪ್ಪು ಓದುಗರದ್ದು ಮಾತ್ರ ಅಂತ ನಾನು ಹೇಳಲಾರೆ.

ಹಣ ನೀರಿನಂತೆ ಹರಿಯಿತು. ಮೆಟಾದ ವಿಆರ್ ವಿಭಾಗ 2022ರಲ್ಲಿ 13.7 ಬಿಲಿಯನ್ ಡಾಲರ್, 2023ರಲ್ಲಿ 16.1 ಬಿಲಿಯನ್, 2024ರಲ್ಲಿ 17.7 ಬಿಲಿಯನ್ ನಷ್ಟ ತೋರಿಸಿತು. ಕೊನೆಯ ವರ್ಷದ್ದೊಂದೇ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಆ್ಯಪಲ್ 2024ರ ಫೆಬ್ರುವರಿಯಲ್ಲಿ ತಂದ ಕನ್ನಡಕದ ಬೆಲೆ 3,499 ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಲಕ್ಷದ ಹತ್ತಿರ. ಅಷ್ಟು ದುಡ್ಡಿಗೆ ಇಲ್ಲಿ ಕಣ್ಣು ತುಂಬುವಂಥ ಜೋಡೆತ್ತು ಬರುತ್ತವೆ.

ಬೆಲೆಯೊಂದೇ ತೊಡಕಲ್ಲ. ಜಾತ್ರೆಯ ಹುಡುಗ ಐದು ನಿಮಿಷಕ್ಕೇ ಡಬ್ಬಿ ಬಿಚ್ಚಿ, ಬಿಳಿಚಿದ ಮುಖದಲ್ಲಿ ನೀರು ಕೇಳಿದ್ದ. ಡಬ್ಬಿಯೊಳಗೆ ಎರಡು ಕಣ್ಣಿಗೆ ತುಸು ಬೇರೆಬೇರೆ ಚಿತ್ರ ತೋರಿಸುತ್ತಾರೆ, ಮೆದುಳು ಎರಡನ್ನೂ ಬೆಸೆದು ಆಳ ಕಾಣುತ್ತದೆ. ತಲೆ ತಿರುಗಿಸಿದ್ದನ್ನು ಸಂವೇದಕಗಳು ಹಿಡಿದು ಚಿತ್ರವನ್ನೂ ತಿರುಗಿಸುತ್ತವೆ. ಒಳ್ಳೆಯ ಕನ್ನಡಕಗಳಲ್ಲಿ ಸೆಕೆಂಡಿಗೆ 72ರಿಂದ 90 ಅಥವಾ ಅದಕ್ಕೂ ಹೆಚ್ಚು ಸಲ ಚಿತ್ರ ಬದಲಾಗುತ್ತದೆ. ತಲೆ ತಿರುಗಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವಿನ ಅಂತರ ಸೆಕೆಂಡಿನ ಐವತ್ತನೇ ಒಂದು ಭಾಗ ಮೀರಿದರೆ ಮೆದುಳಿಗೆ ಮೋಸ ಗೊತ್ತಾಗತೊಡಗುತ್ತದೆ. ಅಗ್ಗದ ಡಬ್ಬಿಯಲ್ಲಿ ಇದು ಸಾಧ್ಯವಾಗುವುದಿಲ್ಲ. ಅದೆಲ್ಲ ಸರಿಯಿದ್ದರೂ ಇನ್ನೊಂದು ತಕರಾರು ಉಳಿಯುತ್ತದೆ. ಕಣ್ಣು 'ಬೀಳುತ್ತಿದ್ದೇನೆ' ಎನ್ನುತ್ತದೆ, ತೋಲ ನೋಡುವ ಒಳಗಿವಿ 'ಇಲ್ಲ, ಕುಂತೇ ಇದ್ದೀಯ' ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. 1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ ಮಾಡಿದ ಮೊದಲ ತಲೆಪಟ್ಟಿಯನ್ನು ಭಾರ ತಾಳದೆ ಸೂರಿಗೆ ನೇತುಹಾಕಬೇಕಾಗಿತ್ತು. ಈಗಿನದು ಅರ್ಧ ಕಿಲೋ ಆಸುಪಾಸಿಗೆ ಇಳಿದಿದೆ, ಒಳಗಿವಿ ಮಾತ್ರ ಇನ್ನೂ ಒಪ್ಪಿಲ್ಲ.

ಹಾಗಾದರೆ ತಪ್ಪಿಸಿಕೊಂಡು ಹೋಗುವುದೆಲ್ಲ ಕಾದಂಬರಿಯಲ್ಲೇ ಉಳಿಯಿತೇ? ಕಬ್ಬಿನ ಹಂಗಾಮಿನಲ್ಲಿ ಸಂಜೆ ಹೊತ್ತು ಬಾಗಲಕೋಟೆಯ ನವನಗರದ ಹೊರಗಿನ ರಸ್ತೆಗೆ ಬಂದು ನಿಲ್ಲಿ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್, ಹಾಡು ಒದರುವ ಸ್ಪೀಕರು, ಕಬ್ಬಿನ ತುದಿಯಲ್ಲಿ ಕಂಬಳಿ ಹೊದ್ದು ಕುಳಿತ ಗ್ಯಾಂಗಿನ ಹುಡುಗ. ಮುಖಕ್ಕೆ ನೀಲಿ ಬೆಳಕು. ನಾನು ಕಂಡ ಒಬ್ಬನ ಹೆಬ್ಬೆರಳಿನಲ್ಲಿ ಕಬ್ಬಿನ ರವದಿ ಕೊಯ್ದ ಗೀರುಗಳಿದ್ದವು, ಹಾಗಾಗಿ ಪರದೆ ಅವನ ಬೆರಳನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಪ್ಯಾಂಟಿಗೆ ಒರೆಸಿ ಒರೆಸಿ ಒತ್ತುತ್ತಿದ್ದ. ಕಿವಿಯಲ್ಲಿ ಇಯರ್‌ಫೋನ್. ಸುತ್ತಲಿನ ದನಿ ಅಡಗಿಸಲು ಅಷ್ಟು ಸಾಕು, ಉಳಿದದ್ದನ್ನು ದಣಿದ ಮೈಯೇ ಮಾಡುತ್ತದೆ. 2016ರಲ್ಲಿ ಡೇಟಾ ಅಗ್ಗವಾದಾಗಲೇ ನಮ್ಮ ಓಯಸಿಸ್ ಬಂದುಬಿಟ್ಟಿತ್ತು, ಕನ್ನಡಕವಿಲ್ಲದೆ. ಸಿಲಿಕಾನ್ ಕಣಿವೆಯವರು ಬಾಗಿಲಿನ ಕೆತ್ತನೆಗೆ ಕೋಟಿಗಟ್ಟಲೆ ಸುರಿಯುತ್ತಿದ್ದಾಗ ಜನ ಹಿತ್ತಲಿನಿಂದ ಹಾರಿ ಹೋಗಿಯಾಗಿತ್ತು.

ಸರ್ಕಾರ ಇದನ್ನು ಎರಡು ಬಗೆಯಲ್ಲಿ ನೋಡಿದೆ. ಒಂದು, ರೋಗವೆಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ವ್ಯಸನವನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದದ್ದಕ್ಕಿಂತ ಆಟವೇ ಮೇಲಾಗಬೇಕು, ಹಾನಿ ಕಂಡರೂ ಬಿಡಲಾಗಬಾರದು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷ ನಡೆದಿರಬೇಕು. ಆಗ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗೆ 'ಶಟ್' ಎಂಬ ಕ್ಲಿನಿಕ್ ತೆರೆದಿತ್ತು. ಒಳ್ಳೆಯ ಕೆಲಸವೇ. ಆದರೆ ಕಬ್ಬಿನ ಮೇಲಿನ ಹುಡುಗನ ಸಮಸ್ಯೆ ಅವನ ತಲೆಯೊಳಗೆ ಇದೆಯೋ, ಅವನು ಕುಳಿತ ಟ್ರೇಲರಿನಲ್ಲಿ ಇದೆಯೋ ಎಂದು ಕ್ಲಿನಿಕ್ಕು ಕೇಳಲಾರದು.

ಎರಡು, ಜೂಜೆಂದು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ತಂದಿತು: ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ, ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷ, ಆಡಿದವನಿಗೆ ಶಿಕ್ಷೆಯಿಲ್ಲ. ಸಾಲ ಮಾಡಿ ಆಡಿ ಊರು ಬಿಟ್ಟವರನ್ನು ಕಂಡಿದ್ದೇನೆ, ಕಾಯ್ದೆ ತಡವಾಗಿ ಬಂತೆಂಬುದೇ ನನ್ನ ಆಕ್ಷೇಪ. ಆದರೂ ಹಣ ಪಣಕ್ಕಿಡದ ಲೋಕಗಳು ಈ ನಿಷೇಧಕ್ಕೆ ಸಿಗುವುದಿಲ್ಲ. ಅಲ್ಲಿ ಪಣಕ್ಕಿರುವುದು ಹೊತ್ತು, ನೆನಪು, ವರ್ಷಗಟ್ಟಲೆ ಕೂಡಿಟ್ಟ ಸಾಮಾನು.

ಇಲ್ಲಿ ನನ್ನ ಮನೆಯ ಕಥೆಯೊಂದನ್ನು ಹೇಳಬೇಕು.

ಬಾಗಲಕೋಟೆಯ ಬಗ್ಗೆ ಗೊತ್ತಿಲ್ಲದವರಿಗೆ: ಘಟಪ್ರಭೆಯ ದಂಡೆಯ ನಮ್ಮ ಹಳೇ ಊರಿನ ತಗ್ಗಿನ ಭಾಗಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ಊರಿನವರಿಗಾಗಿ ನವನಗರ ಕಟ್ಟಿದರು, ಓಣಿಗಳ ಜಾಗದಲ್ಲಿ ಸೆಕ್ಟರ್ ನಂಬರುಗಳು ಬಂದವು. ಅಣೆಕಟ್ಟೆಯ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 524.256ಕ್ಕೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಹೀಗಾಗಿ 'ಇನ್ನೂ ಎಷ್ಟ ಏರತೈತಿ' ಎಂಬ ಮಾತು ಇಲ್ಲಿ ಮುಗಿದೇ ಇಲ್ಲ. ಚಹಾ ಅಂಗಡಿಯಲ್ಲಿ ಕುಳಿತವರು ದಶಮಾಂಶದ ಮೂರನೇ ಸ್ಥಾನದವರೆಗೆ ಅಂಕಿ ಹೇಳುವ ಊರು ಬೇರೆಲ್ಲಾದರೂ ಇದೆಯೋ ಕಾಣೆ.

ನಮ್ಮ ದೊಡ್ಡಪ್ಪನ ಮನೆ ಮುಳುಗಿದವುಗಳಲ್ಲಿ ಒಂದು. ಬಿಡುವಾಗ ತೊಲೆ, ಜಂತಿ, ತಲೆಬಾಗಿಲು ಬಿಚ್ಚಿಕೊಂಡು ಬಂದಿದ್ದರು. ಹೊಸ ಮನೆಗೆ ಆ ಸಾಗುವಾನಿ ಬಾಗಿಲು ಹೊಂದಲಿಲ್ಲ, ಮೇಲಿನಿಂದ ನಾಲ್ಕು ಬೆರಳು ಕೊಯ್ಸಿ ಕೂಡ್ರಿಸಿದರು. ಕೆತ್ತಿದ ಗಣಪತಿಯ ಕಿರೀಟ ಅಷ್ಟೇ ಹೋಯಿತು.

ನನ್ನ ತಮ್ಮನ ಮಗ ಎಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟಿಗೆಂದು ದೊಡ್ಡಪ್ಪನ ಹಳೇ ಓಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ. ನಾಲ್ಕು ಹಳೇ ಫೋಟೋ, ಒಂದು ಮದುವೆಯ ವಿಡಿಯೋ, ಉಳಿದದ್ದೆಲ್ಲ ದೊಡ್ಡಪ್ಪನ ಬಾಯಿ. ಒಂದು ರವಿವಾರ ಫೋನನ್ನು ಡಬ್ಬಿಯಲ್ಲಿಟ್ಟು ಅವರ ಕಣ್ಣಿಗೆ ಕಟ್ಟಿದ. ಎಂಬತ್ತು ದಾಟಿದವರು, ಬೀಳಬಾರದೆಂದು ನಾನು ಭುಜ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್ಟಿ ಇಷ್ಟ ಎತ್ತರ ಇರಲಿಲ್ಲಪಾ" ಎಂದರು. ಆಮೇಲೆ ಬಲಗೈ ಮುಂದೆ ಚಾಚಿದರು, ಎದೆಮಟ್ಟದಲ್ಲಿ, ಸ್ವಲ್ಪ ಎಡಕ್ಕೆ. ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕಿ ಮಡಚಿಕೊಂಡವು. ಚಿಲಕ ಅಲ್ಲಿತ್ತಂತೆ.

ಡಬ್ಬಿ ಬಿಚ್ಚಿದ ಮೇಲೆ ಅಳುತ್ತಾರೇನೋ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಕೇಳಿದ್ದು ಬೇರೆ: "ಚಲೋ ಮಾಡೀಯಪಾ. ಇದರ ಉತಾರ ಯಾರ ಹೆಸರಿಗೈತಿ?"

ಹುಡುಗ ನಕ್ಕ. "ದೊಡ್ಡಜ್ಜಾ, ಇದಕ್ಕ ಉತಾರ ಇರಂಗಿಲ್ರೀ."

"ಮತ್ತ ಇಟ್ಟೀದಿ ಎಲ್ಲಿ?"

"ಕಂಪನಿ ಸರ್ವರ್‌ನಾಗ."

"ಅವರು ನಾಳೆ ನೋಟಿಸ್ ಕೊಟ್ರ?"

ಹುಡುಗನ ಬಳಿ ಉತ್ತರವಿರಲಿಲ್ಲ. 'ನಾಲ್ಕು-ಒಂದರ ನೋಟಿಸ್' ಎಂಬ ಮಾತಿಗೆ ಇನ್ನೂ ಹೊಟ್ಟೆಯಲ್ಲಿ ಕಲ್ಲು ಬೀಳುವ ಊರಿನ ಹಿರಿಯ ಅವರು. ಭೂಸ್ವಾಧೀನ ಕಾಯ್ದೆಯ ಆ ಕಲಮು ಬಂದರೆ ಮನೆ ಹೋದಂತೆಯೇ ಸರಿ. ಆದರೆ ಆ ಕಾಯ್ದೆಯಲ್ಲಿ ನೋಟಿಸಿನ ಮುಂದೆ ತಕರಾರು ಸಲ್ಲಿಸಲು ಅವಕಾಶವಿತ್ತು, ಪರಿಹಾರವಿತ್ತು, ಕೋರ್ಟಿತ್ತು. ಎಷ್ಟು ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದು ಬೇರೆ ಪುರಾಣ. ಆನ್‌ಲೈನ್ ಊರು ಮುಳುಗುವಾಗ ಇದ್ಯಾವುದೂ ಇಲ್ಲ. ಗೆಳೆಯರನ್ನು ಕೂಡಿಸುತ್ತಿದ್ದ ಆರ್ಕುಟ್ ಜಾಲತಾಣ ನೆನಪಿದೆಯಲ್ಲ? 2014ರ ಜೂನ್ 30ರಂದು ಗೂಗಲ್ ಘೋಷಿಸಿತು, ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಮೂರು ತಿಂಗಳ ನೋಟಿಸ್. ನಮ್ಮ ಕಾಲೇಜಿನ ದಿನಗಳ ಸ್ಕ್ರ್ಯಾಪುಗಳು, ಜಗಳಗಳು, ಹೇಳದೇ ಉಳಿದ ಪ್ರೇಮಗಳು, ಎಲ್ಲ ಹಿನ್ನೀರಿನ ಕೆಳಗೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಎಂಬ ಮೊಬೈಲ್ ಆಟ ನಿಷೇಧವಾದಾಗ ಅಷ್ಟು ಪುರುಸೊತ್ತೂ ಇರಲಿಲ್ಲ.

2021ರಲ್ಲಿ ಮೆಟಾವರ್ಸ್ ಹುಚ್ಚು ನೆತ್ತಿಗೇರಿದಾಗ 'ವರ್ಚುವಲ್ ಜಮೀನು' ಮಾರಾಟ ಜೋರಾಗಿತ್ತು. ಡಿಸೆಂಟ್ರಾಲ್ಯಾಂಡ್ ಎಂಬಲ್ಲಿ ಒಂದು ತುಂಡು ಆ ವರ್ಷದ ನವೆಂಬರ್‌ನಲ್ಲಿ ಸುಮಾರು 2.4 ಮಿಲಿಯನ್ ಡಾಲರಿಗೆ ಹೋಯಿತು. ನಮ್ಮ ಸರ್ಕಾರ 2022ರ ಏಪ್ರಿಲ್‌ನಿಂದ ಕ್ರಿಪ್ಟೊ, ಎನ್‌ಎಫ್‌ಟಿಯಂಥ ಡಿಜಿಟಲ್ ಆಸ್ತಿಯ ಲಾಭದ ಮೇಲೆ ಶೇ 30 ತೆರಿಗೆ ಹಾಕಿತು. ಕಂದಾಯ ಕಟ್ಟಿಸಿಕೊಳ್ಳಲು ಅದು ಆಸ್ತಿ. ಆದರೆ ಅದನ್ನು ನಡೆಸುವ ಕಂಪನಿ ಬಾಗಿಲು ಹಾಕಿದ ದಿನ ಯಾವ ತಹಶೀಲ್ದಾರರ ಮುಂದೆ ನಿಲ್ಲಬೇಕು? ಕಂದಾಯ ವಸೂಲಿ ಮೊದಲು, ಪಹಣಿ ಆಮೇಲೆ ಎಂಬ ಹಳೇ ರೂಢಿ ಹೊಸ ಲೋಕಕ್ಕೂ ಬಂದಿದೆ.

ಸರಿ, ಜಾಗ ನಮ್ಮದಲ್ಲ, ಬಾಡಿಗೆಯದು ಎಂದೇ ಒಪ್ಪೋಣ. ಬಿಟ್ಟು ಹೋಗುವಾಗ ಬಾಗಿಲು ಬಿಚ್ಚಿಕೊಂಡು ಹೋಗಬಹುದೇ? ನಾನು ಅತಿ ಮುಖ್ಯವೆಂದುಕೊಂಡ ಪ್ರಶ್ನೆ ಇದು. ನಾವು ಒಂದು ತಾಣದಲ್ಲಿ ಕೂಡಿಟ್ಟದ್ದನ್ನು ಇನ್ನೊಂದು ತಾಣಕ್ಕೆ ಒಯ್ಯುವ ಹಕ್ಕು ಯುರೋಪಿನ ದತ್ತಾಂಶ ಕಾಯ್ದೆಯಲ್ಲಿ ಒಂದು ಮಟ್ಟಿಗಾದರೂ ಇದೆ. ಭಾರತದ ಹಿಂದಿನ ಕರಡುಗಳಲ್ಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುವ ಹೊತ್ತಿಗೆ ಅದನ್ನು ಕೈಬಿಟ್ಟರು. ತಿದ್ದಿಸುವ ಹಕ್ಕಿದೆ, ಅಳಿಸುವ ಹಕ್ಕಿದೆ, ಹೊತ್ತೊಯ್ಯುವ ಹಕ್ಕಿಲ್ಲ. ಮನೆ ಕೆಡವಿಸಬಹುದು, ತೊಲೆ ಒಯ್ಯುವಂತಿಲ್ಲ. ವಿಆರ್ ವಿಷಯದಲ್ಲಿ ಇದರ ತೂಕ ಹೆಚ್ಚು. ಈಗಿನ ಒಳ್ಳೆಯ ಕನ್ನಡಕಗಳು ಕೈ ಹೇಗೆ ಆಡುತ್ತದೆ, ಕೆಲವು ಕಣ್ಣು ಎಲ್ಲಿ ನೆಡುತ್ತದೆ ಎಂಬುದನ್ನೂ ಅಳೆಯುತ್ತವೆ. ದೊಡ್ಡಪ್ಪನ ಬೆರಳು ಚಿಲಕ ಹುಡುಕಿದ ಆ ಗಳಿಗೆ ಒಂದು ಕಂಪನಿಗೆ ಬರೀ ದತ್ತಾಂಶ.

ಕಾದಂಬರಿಯ ಬಗ್ಗೆ ನನ್ನ ಅಸಮಾಧಾನವೂ ಇಲ್ಲಿಂದಲೇ ಹುಟ್ಟುತ್ತದೆ. ಕೊನೆಗೆ ವೇಡ್ ಗೆಲ್ಲುತ್ತಾನೆ. ಇನ್ನೂರು ಬಿಲಿಯನ್ ಡಾಲರ್ ಮೀರಿದ ಆಸ್ತಿ, ಜೊತೆಗೆ ಓಯಸಿಸ್‌ನ ಪೂರ್ತಿ ಹಿಡಿತ. ಇಡೀ ಲೋಕವನ್ನೇ ಅಳಿಸಿಹಾಕುವ ಕೆಂಪು ಗುಂಡಿಯೊಂದನ್ನೂ ಹ್ಯಾಲಿಡೇ ತೋರಿಸಿಕೊಡುತ್ತಾನೆ. ಪ್ರೀತಿಸಿದ ಹುಡುಗಿ ಎದುರಿಗೆ ಕುಳಿತಿದ್ದಾಳೆ, ವೇಡ್‌ಗೆ ಮೊದಲ ಬಾರಿ ಒಳಗೆ ಹೋಗಬೇಕೆನಿಸುವುದಿಲ್ಲ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ಆ ಗಳಿಗೆ ನನಗೂ ಹಿಡಿಸಿತ್ತು. ಎರಡನೇ ಸಲ ಓದುವಾಗ ಅನ್ನಿಸಿದ್ದು: ಅಷ್ಟು ದುಡ್ಡು ಬಂದ ಮೇಲೆ ಯಾರಿಗೆ ತಾನೇ ವಾಸ್ತವ ಬೇಡ? ಪೇರಿಸಿದ ತಗಡಿನ ಮನೆಗಳು ಹಾಗೇ ಇವೆ. ಅವನ ಚಿಕ್ಕಮ್ಮ ಅಲ್ಲೇ ಬಾಂಬಿಗೆ ಸತ್ತಳು, ಕಥೆ ಅವಳನ್ನು ಬೇಗ ಮರೆಯುತ್ತದೆ. ಒಳ್ಳೆಯ ಮುದುಕನ ಹೆಸರಿನಲ್ಲಿದ್ದ ಉತಾರ ಒಳ್ಳೆಯ ಹುಡುಗನ ಹೆಸರಿಗೆ ಬದಲಾಯಿತು, ಅಷ್ಟೇ. ಕೋಟ್ಯಂತರ ಜನ ಬದುಕುವ ಜಾಗದಲ್ಲಿ ಅವರಿಗೂ ಒಂದು ಪಾಲಿರಬೇಕೆಂದು ಕಾದಂಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೆಂಪು ಗುಂಡಿ ಒಬ್ಬನ ಬೆರಳಿನ ಕೆಳಗೇ ಉಳಿಯುತ್ತದೆ.

ಇದಕ್ಕೊಂದು ಹಳೇ ಜೋಡಿ ಪಕ್ಕದ ವಿಜಯಪುರದಲ್ಲಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸಂಗೀತದ ಹುಚ್ಚಿನಲ್ಲಿ 1599ರಲ್ಲಿ ತೊರವಿಯ ಬಳಿ ನವರಸಪುರ ಎಂಬ ಊರನ್ನೇ ಕಟ್ಟಿಸಲು ಹೊರಟ. ಅವನ ಪುಸ್ತಕಕ್ಕೂ ನವರಸ, ಅರಮನೆಗೂ ನವರಸ, ನಾಣ್ಯಕ್ಕೂ ನವರಸ. ಹ್ಯಾಲಿಡೇ ತನ್ನ ಬಾಲ್ಯದ 1980ರ ದಶಕದ ಹಾಡು, ಆಟ, ಸಿನಿಮಾಗಳನ್ನು ಇಡೀ ಜಗತ್ತಿಗೆ ಬಾಯಿಪಾಠ ಮಾಡಿಸಿದ್ದೂ ಇದೇ ಬಗೆ, ಒಡೆಯನ ರುಚಿಯೇ ಪ್ರಜೆಗಳ ಪಠ್ಯ. 1624ರಲ್ಲಿ ಮಲಿಕ್ ಅಂಬರ್‌ನ ಸೈನ್ಯ ಬಂದು ನವರಸಪುರವನ್ನು ಹಾಳುಗೆಡವಿತು. ಸಂಗೀತ ಮಹಲಿನ ಮುರಿದ ಕಮಾನುಗಳಲ್ಲಿ ಈಗ ಪಾರಿವಾಳ. ಆದರೂ ಕಲ್ಲು ಉಳಿದಿದೆ, ಹೋಗಿ ಮುಟ್ಟಬಹುದು. ಸರ್ವರಿನಲ್ಲಿ ಕಟ್ಟಿದ್ದಕ್ಕೆ ಪಾಳೂ ಉಳಿಯುವುದಿಲ್ಲ.

ತಮ್ಮನ ಮಗ ತನ್ನ ಓಣಿಯನ್ನು ಕಂಪನಿಯ ಸರ್ವರಿನಿಂದ ಇಳಿಸಿಕೊಂಡು ಒಂದು ಹಾರ್ಡ್ ಡಿಸ್ಕಿಗೆ ಹಾಕಿದ್ದಾನೆ. ಎಲ್ಲ ಬರಲಿಲ್ಲವಂತೆ. ಗೋಡೆಗಳು ಬಂದವು, ಗೋಡೆಗೆ ಹಚ್ಚಿದ ಬಣ್ಣ ಆ ಕಂಪನಿಯ ಸಾಮಾನಂತೆ, ಅದು ಅಲ್ಲೇ ಉಳಿಯಿತು. ಈಗ ಮತ್ತೆ ಸುಣ್ಣ ಬಳಿಯುತ್ತಿದ್ದಾನೆ. ಡಿಸ್ಕಿನ ಮೇಲೆ ದೊಡ್ಡಪ್ಪ ತಮ್ಮ ಕೈಯಾರೆ ಹಳೇ ಮನೆಯ ನಂಬರು ಬರೆದು ಚೀಟಿ ಅಂಟಿಸಿದ್ದಾರೆ, ಟ್ರಂಕಿನಲ್ಲಿ ಹಕ್ಕುಪತ್ರದ ಪಕ್ಕ ಇಡಿಸಿದ್ದಾರೆ.

ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೇ ಓಣಿಯ ಬುಡಕಲ್ಲುಗಳು ಕೆಸರಿನಿಂದ ಮೇಲೇಳುತ್ತವೆ. ಈ ಸಲ ಹೋಗಿ ಅಳತೆ ಹಿಡಿಯಬೇಕೆಂದು ಹುಡುಗ ಐವತ್ತು ಅಡಿಯ ಟೇಪು ತಂದಿಟ್ಟಿದ್ದಾನೆ. ಮೊನ್ನೆ ದೊಡ್ಡಪ್ಪ ಅವನನ್ನು ಕರೆದು ಹೇಳಿದರು: "ಕಟ್ಟಿ ಎತ್ತರ ಸರಿ ಮಾಡು. ಮತ್ತ ನಾಕನೇ ಪಾವಟಿಗಿ ಒಡದಿತ್ತ ನೋಡು, ಅದನ್ನ ಒಡದದ್ದನ್ನ ಇಡು. ಚಲೋದ ಇಟ್ರ ನಾ ಎಡವಿ ಬೀಳತೇನಿ."